ಹಿಂದಿನ ಸಾಲಿನ ಮೂಟೆಗಳು

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಚಲುವಯ್ಯ 'ಕಣಜ'ದ ಬಾಗಿಲು ತೆಗೆದ. ಕೈಯಲ್ಲಿ ಪೊರಕೆ ಇತ್ತು. ಮಾರನೆಯ ದಿನ ತಿಂಗಳ ಕೊನೆಯ ಶನಿವಾರ. ನೂರ ತೊಂಬತ್ತು ಮನೆಗೆ ಅಕ್ಕಿ ತೂಗಬೇಕು. ನೆಲ ಗುಡಿಸಿ, ತಕ್ಕಡಿ ಒರೆಸಿ, ಮೂಟೆಗಳನ್ನು ಮುಂದಕ್ಕೆ ಎಳೆದಿಡುವುದು ಅವನ ಕೆಲಸ.

ಮುಂದಿನ ಸಾಲಿನ ಒಂಬತ್ತು ಮೂಟೆಗಳು ಇದ್ದಲ್ಲೇ ಇದ್ದವು. ಅವುಗಳ ಹಿಂದೆ ಬರೀ ಗೋಡೆ.

ಚಲುವಯ್ಯ ಪೊರಕೆ ಕೆಳಗಿಟ್ಟ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬುಧವಾರ ಸಂಜೆ ಅಲ್ಲಿ ಇಪ್ಪತ್ತನಾಲ್ಕು ಮೂಟೆಗಳಿದ್ದವು. ಈಗ ಒಂದೂ ಇರಲಿಲ್ಲ.

ನಂಜನಗೂಡಿನ ಬಜಾರಿನ ಹಿಂದಿನ ಓಣಿಯಲ್ಲಿರುವ ಈ ಗೋಡೌನಿಗೆ 'ಕಣಜ' ಎಂದು ಹೆಸರಿಟ್ಟವಳು ಹೈಸ್ಕೂಲು ಟೀಚರ್ ಶ್ವೇತ. ರೇಷನ್ ಅಕ್ಕಿ ಎಷ್ಟೋ ಮನೆಗಳಲ್ಲಿ ಇಪ್ಪತ್ತನೇ ತಾರೀಖಿಗೇ ಮುಗಿದುಹೋಗುತ್ತದೆ. ಕೊನೆಯ ವಾರದ ಒಲೆ ಹೊತ್ತಿಸುವುದಕ್ಕೆ ಅಂತ ಅವಳು ಮೂರು ವರ್ಷದ ಹಿಂದೆ ಇದನ್ನು ಶುರು ಮಾಡಿದ್ದಳು. ಸುಗ್ಗಿಯಲ್ಲಿ ತಿ. ನರಸೀಪುರದ ಕಡೆಯ ರೈತರು ಕೈಲಾದಷ್ಟು ಭತ್ತ ಕೊಡುತ್ತಾರೆ. ಅಲ್ಲಿನ ಮಿಲ್ಲಿನ ಯಜಮಾನ ಅಮೃತೇಶ್ ಅದನ್ನು ಪುಕ್ಕಟೆ ಅಕ್ಕಿ ಮಾಡಿಸಿ, ಫೆಬ್ರವರಿಯಲ್ಲಿ ತನ್ನದೇ ಲಾರಿಯಲ್ಲಿ ನೂರು ಮೂಟೆ ಕಳಿಸಿ, ತನ್ನ ಆಳುಗಳ ಕೈಯಲ್ಲೇ ಒಳಗೆ ಪೇರಿಸಿ ಕೊಡುತ್ತಾನೆ. ಮುಂದಿನ ಸುಗ್ಗಿಯವರೆಗೆ ಅದೇ ಆಧಾರ.

ಎಎಸ್‌ಐ ಇಂದ್ರಾಣಿ ಬಂದಾಗ ಒಂಬತ್ತು ಗಂಟೆ. ನಲವತ್ತಾರರ ಹೆಂಗಸು, ಮಾತು ಕಡಿಮೆ. ಜೊತೆಯಲ್ಲಿದ್ದ ಕಾನ್‌ಸ್ಟೇಬಲ್ ರವಿಕುಮಾರ್ ಆ ಕೊರತೆಯನ್ನು ತುಂಬುತ್ತಿದ್ದ.

"ಬೀಗ ಒಡೆದಿಲ್ಲ ಮೇಡಂ. ಬೀಗದ ಕೈ ಹಾಕಿ ಮರ್ಯಾದೆಯಾಗಿ ತೆಗೆದವ್ರೆ. ಮತ್ತೆ ಹಾಕ್ಕೊಂಡೂ ಹೋಗವ್ರೆ."

"ಬೀಗದ ಕೈ ಯಾರ ಹತ್ರ ಇದೆ?"

"ಎರಡಿದೆ," ಎಂದಳು ಶ್ವೇತ. ಸ್ಕೂಲಿಗೆ ಹೊರಟವಳು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಓಡಿ ಬಂದಿದ್ದಳು. "ಒಂದು ನಂದು. ಇನ್ನೊಂದು ಚಲುವಯ್ಯನವರದ್ದು."

"ನೆನ್ನೆ ಗುರ್ವಾರ, ನಂಗೆ ರಜಾ ಕಣವ್ವ," ಎಂದ ಚಲುವಯ್ಯ. "ಹದಿನಾರು ಗ್ರಾಮಕ್ಕೆ, ಮಗಳ ಮನೆಗೆ ಓಗಿದ್ದೆ. ಬೀಗದ ಕೈ ನನ್ ಸೊಂಟದಲ್ಲೇ ಇತ್ತು."

ಇಂದ್ರಾಣಿ ಒಳಗೆ ಹೋದಳು. ಮುಂದಿನ ಮೂಟೆಗಳ ಬುಡವನ್ನು ಇಲಿಗಳು ಕಡಿದಿದ್ದವು. ಅಕ್ಕಿ ಚೆಲ್ಲಿತ್ತು. ಹಿಕ್ಕೆ ಬಿದ್ದಿತ್ತು. ಹಿಂದಿನ ಗೋಡೆಯ ಮೂಲೆಯಲ್ಲಿ ಬಿಲ ಇತ್ತು, ಮುಷ್ಟಿಯಷ್ಟು ದೊಡ್ಡದು. ಆದರೆ ಆ ಗೋಡೆಯ ಪಕ್ಕದ ಚಪ್ಪಡಿಯ ಮೇಲೆ ಒಂದು ಕಾಳಿಲ್ಲ, ಒಂದು ಹಿಕ್ಕೆಯಿಲ್ಲ.

"ಇಲ್ಲಿ ಗುಡಿಸಿದ್ರಾ?"

"ಇಲ್ಲ ಕಣವ್ವ. ಪೊರಕೆ ಇನ್ನೂ ಮುಟ್ಸೇ ಇಲ್ಲ."

ಇಂದ್ರಾಣಿ ಬಿಲದಿಂದ ಮುಂದಿನ ಮೂಟೆಗಳವರೆಗೆ ಹೆಜ್ಜೆ ಹಾಕಿ ಅಳೆದಳು. ಆಮೇಲೆ ಶ್ವೇತಳ ಕಡೆ ತಿರುಗಿದಳು.

"ನಾಳೆಗೆ ಎಷ್ಟು ಬೇಕು?"

"ಹತ್ತೊಂಬತ್ತು ಮೂಟೆ. ಹೋದ ವರ್ಷ ಎಪ್ಪತ್ತು ಮನೆ ಬರ್ತಿದ್ವು, ಏಳು ಮೂಟೆಗೆ ಮುಗೀತಿತ್ತು. ಈ ವರ್ಷ ಏನಾಯ್ತೋ, ತಿಂಗಳು ತಿಂಗಳು ಸಾಲು ಬೆಳೀತಾನೇ ಇದೆ. ಆಟೋ ಓಡಿಸೋರು ಬರ್ತಿದಾರೆ. ನನ್ನ ಸ್ಕೂಲಿನ ಮಕ್ಕಳ ತಾಯಂದಿರು ಸೆರಗು ಮುಖಕ್ಕೆ ಎಳ್ಕೊಂಡು ಬರ್ತಾರೆ." ಅವಳ ದನಿ ಇಳಿಯಿತು. "ನಾಳೆ ಏನು ಹೇಳ್ಲಿ ಅವರಿಗೆ?"

* * *

"ಯಾರ ಮೇಲಾದ್ರೂ ಅನುಮಾನ?" ಎಂದು ರವಿಕುಮಾರ್ ಮೂರನೇ ಸಲ ಕೇಳಿದ ಮೇಲೆ ಶ್ವೇತ ಬಾಯಿಬಿಟ್ಟಳು. ಹೆಮ್ಮರಗಾಲದ ನಟರಾಜ್. ತಾಂಡವಪುರದ ಕಡೆ ಯಾವುದೋ ಫ್ಯಾಕ್ಟರಿಯಲ್ಲಿ ದಿನಗೂಲಿ ಮಾಡುತ್ತಿದ್ದ. ನಾಲ್ಕು ತಿಂಗಳಿಂದ ಕೆಲಸವಿಲ್ಲ. ಅವನ ಹೆಸರು ಇನ್ನೂ ಮೈಸೂರಿನಲ್ಲಿರುವ ಅಣ್ಣನ ರೇಷನ್ ಕಾರ್ಡಿನಲ್ಲೇ ಇದೆ. ಕಾರ್ಡಿಲ್ಲದವರಿಗೆ ಕೊಡುವುದಿಲ್ಲ ಎಂಬುದು ಕಣಜದ ನಿಯಮ. ಜೂನ್‌ನಲ್ಲೂ ಜುಲೈನಲ್ಲೂ ಅವನನ್ನು ವಾಪಸು ಕಳಿಸಿದ್ದರು.

"ಹೋದ ಸಲ ಕೂಗಾಡಿದ. ಬೀಗ ಮುರಿದಾದ್ರೂ ತಗೊಂಡು ಹೋಗ್ತೀನಿ ಅಂದ. ಹಸಿದವರ ಮಾತು ಮೇಡಂ, ನಾನು ಮನಸ್ಸಿಗೆ ಹಚ್ಕೊಂಡಿರ್ಲಿಲ್ಲ."

ಹತ್ತೂವರೆಗೆ ಜೀಪು ಹೆಮ್ಮರಗಾಲದಲ್ಲಿತ್ತು.

ನಟರಾಜ್ ಜಗಲಿಯ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ಜೀಪು ನೋಡಿ ಎದ್ದು ನಿಂತ, ಓಡಲಿಲ್ಲ. ಒಳಗೆ ಒಲೆಯ ಮುಂದೆ ಅವನ ತಾಯಿ ಪಾಪಮ್ಮ. ಪಕ್ಕದಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳು. ಮೂಲೆಯಲ್ಲಿ ಬಾಯಿ ಮಡಚಿದ ಗೋಣಿಚೀಲ. ಚೀಲದ ಮೇಲೆ ನೇರಳೆ ಮಸಿಯ ಮುದ್ರೆ: ಕಣಜ.

"ಸಿಕ್ತು ಮೇಡಂ!" ಎಂದು ರವಿಕುಮಾರ್ ಚೀಲವನ್ನು ಬೀದಿಗೆ ಎಳೆದು ತಂದ. ಎದುರು ಅಂಗಡಿಯಿಂದ ಕೊಕ್ಕೆ ತಕ್ಕಡಿ ತರಿಸಿ ತೂಗಿದ. ಅಷ್ಟರಲ್ಲಿ ಬೀದಿಯ ತುಂಬ ಜನ. ಎಂಟು ಕೆಜಿ.

"ಎಲ್ಲಿಂದ ಬಂತು ಇದು?" ಎಂದಳು ಇಂದ್ರಾಣಿ.

ನಟರಾಜ್ ಬೆರಳಿಗೆ ಹತ್ತಿದ್ದ ಎಣ್ಣೆಯನ್ನು ಲುಂಗಿಗೆ ಒರೆಸಿಕೊಂಡ.

"ಕದ್ದಿದ್ದಲ್ಲ ಕಣವ್ವ, ಅದು..." ಎಂದು ಪಾಪಮ್ಮ ಶುರು ಮಾಡಿದಳು. ಮಗ ಅವಳತ್ತ ನೋಡಿದ. ಪಾಪಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಸ್ಟೇಷನ್ನಿಗೆ ಬಾ," ಎಂದಳು ಇಂದ್ರಾಣಿ. ಅವನು ಚಪ್ಪಲಿ ಮೆಟ್ಟಿ ಜೀಪು ಹತ್ತಿದ.

ಒಂದು ಗಂಟೆ ಕಳೆಯುವುದರೊಳಗೆ ಚಲುವಯ್ಯ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಬಂದ. ಏದುಸಿರು ಬಿಡುತ್ತಿದ್ದ.

"ಆ ಅಕ್ಕಿ ನಂದು ಕಣವ್ವ. ತಿಂಗ್ಳಿಗೆ ಐದ್ ಕೆಜಿ ನಂಗೂ ಕೊಡ್ತಾರೆ. ಎರಡ್ ತಿಂಗ್ಳುದು ಅವ್ನಿಗೆ ಕೊಟ್ಟೆ. ನಾನೊಬ್ನೇ, ರಾಗಿ ಅದೆ, ನಡೀತದೆ. ನಂ ಪಾಲು ಬೇರೇರಿಗೆ ಕೊಡ್ಬಾರ್ದು ಅಂತ ರೂಲ್ಸು. ಗೊತ್ತಾದ್ರೆ ನನ್ ಕೆಲ್ಸ ಓಯ್ತದೆ ಅಂತ ಅವ್ನು ಬಾಯ್ ಬುಡ್ತಿಲ್ಲ."

ಅವನು ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ರವಿಕುಮಾರ್ ದನಿ ತಗ್ಗಿಸಿದ. "ಕತೆ ಮುಗೀತು ಮೇಡಂ. ಇವನತ್ರ ಬೀಗದ ಕೈ, ಅವನತ್ರ ರಟ್ಟೆ. ಇಬ್ರೂ ಸೇರಿ ಮಾಡವ್ರೆ."

"ಬಾಗಿಲ ಪಕ್ಕದಲ್ಲೇ ಒಂಬತ್ತು ಮೂಟೆ ಇತ್ತಲ್ಲ. ಅದನ್ನ ಯಾಕೆ ಬಿಟ್ಟರು?"

"ಗಾಡೀಲಿ ಜಾಗ ಇರ್ಲಿಲ್ವೇನೋ."

"ಜಾಗ ಇಲ್ಲದಿದ್ರೆ ಕೈಗೆ ಮೊದಲು ಸಿಕ್ಕಿದ್ದನ್ನ ತಗೊಂಡು ಹೋಗ್ತಾರೆ. ಇವರು ಮುಂದಿನ ಮೂಟೆಗಳನ್ನ ಪಕ್ಕಕ್ಕೆ ಸರಿಸಿ, ಹಿಂದಿನವನ್ನ ಹೊರಗೆ ಸಾಗಿಸಿ, ಆಮೇಲೆ ಮುಂದಿನವನ್ನ ಮತ್ತೆ ಅದೇ ಜಾಗದಲ್ಲಿ ಇಟ್ಟಿದ್ದಾರೆ. ಅಕ್ಕಿಗೆ ಬಂದ ಕಳ್ಳ ಇಷ್ಟು ಕಷ್ಟ ಪಡ್ತಾನಾ?"

ಇಂದ್ರಾಣಿ ಟೋಪಿ ಎತ್ತಿಕೊಂಡು ಮತ್ತೆ ಗೋಡೌನಿನ ಕಡೆ ಹೊರಟಳು.

* * *

ಗೋಡೌನಿನ ಎದುರು, ಬೇವಿನ ಮರದ ಕೆಳಗೆ, ಜವರಮ್ಮ ಬಾಳೆಹಣ್ಣು ಮಾರುತ್ತಾಳೆ. ಎಪ್ಪತ್ತು ದಾಟಿದೆ. ಇಂದ್ರಾಣಿ ಅರ್ಧ ಡಜನ್ ರಸಬಾಳೆ ಕೊಂಡು, ಬುಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತಳು.

"ನೆನ್ನೆ ಇಲ್ಲೇ ಇದ್ದೇನವ್ವ?"

"ಎಲ್ಲಿಗೋಗ್ಲಿ? ಇಲ್ಲೇ ಇದ್ದೆ."

"ಗೋಡೌನಿಗೆ ಯಾರಾದ್ರೂ ಬಂದಿದ್ರಾ?"

"ಬಂದಿದ್ರಲ್ಲ. ಮೂರು ಗಂಟೇಲಿ. ಒಂದ್ ಗೂಡ್ಸ್ ಆಟೋ, ಇಬ್ರು ಆಳು. ಒಬ್ಬ ಆಟೋದಲ್ಲೇ ಕುಂತಿದ್ದ. ಇನ್ನೊಬ್ಬ ಬೀಗ ತಗ್ದು ಒಳಕ್ಕೋದ. ಕಣಜದೋರೇ ಇರ್ಬೇಕು ಅಂದ್ಕಂಡೆ. ಕಳ್ರು ಅಂದ್ರೆ ಬಿಸ್ಲಲ್ಲಿ ಬತ್ತಾರೇನವ್ವ?"

"ಒಬ್ಬನೇ ಹೊತ್ತನಾ ಎಲ್ಲಾನೂ?"

"ಊಂ, ಒಬ್ನೇ. ಏನು ಆಳು ಅಂತೀಯ! ಎಗಲ ಮ್ಯಾಲೊಂದು, ಕಂಕುಳಲ್ಲೊಂದು. ಒಂದ್ಸಲಕ್ಕೆ ಎರಡೆರಡು. ಬೆವರೂ ಇಲ್ಲ ಮುಖದಲ್ಲಿ. ನನ್ನತ್ರ ಬಂದು ಹಣ್ಣು ಈಸ್ಕೊಂಡು, ಸಿಪ್ಪೆ ಸುಲ್ಕೊಂಡು ನಗ್ತಾ ಓದ."

ಇಂದ್ರಾಣಿ ಕೈಯಲ್ಲಿದ್ದ ಹಣ್ಣನ್ನು ಕಲ್ಲಿನ ಮೇಲಿಟ್ಟಳು.

"ಆಟೋ ಎಷ್ಟು ಸಲ ಬಂತು?"

"ಒಂದೇ ಸಲ. ಹುಲ್ಲಿನ ಗಾಡಿ ಪೇರ್ಸಿದಂಗೆ ಎತ್ತರಕ್ಕೆ ಪೇರ್ಸಿ, ಅಗ್ಗ ಬಿಗ್ದು ಓದ್ರು."

ಇಂದ್ರಾಣಿ ಎದ್ದು ಗೋಡೌನಿಗೆ ಹೋದಳು. ಹಿಂದಿನ ಗೋಡೆಯ ಬಿಲದ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಚಪ್ಪಡಿಗಳ ಸಂದಿಗೆ ಉಗುರು ಹಾಕಿ ಕೆರೆದಳು. ಬೆರಳಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ತಾಯಿ ಇಪ್ಪತ್ತು ವರ್ಷ ಅಕ್ಕಿ ಮಿಲ್ಲಿನಲ್ಲಿ ಕೇರುವ ಕೆಲಸ ಮಾಡಿದವಳು. ಇದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸ್ಕೂಲಿಗೆ ಫೋನು ಮಾಡಿದಳು. "ಎರಡೇ ಪ್ರಶ್ನೆ, ಟೀಚರ್. ಈ ಶನಿವಾರ ಹಿಂದಿನ ಸಾಲಿಗೆ ಕೈ ಹಾಕ್ಬೇಕು ಅಂತ ಯಾರಿಗೆ ಹೇಳಿದ್ರಿ? ಈ ಬೀಗ ತಂದು ಕೊಟ್ಟೋರು ಯಾರು?"

ಶ್ವೇತ ಎರಡಕ್ಕೂ ಒಂದೇ ಹೆಸರು ಹೇಳಿದಳು.

* * *

ತಿ. ನರಸೀಪುರದ ಮಿಲ್ಲು ಸದ್ದಿಲ್ಲದೆ ನಿಂತಿತ್ತು. ಹೊಸ ಭತ್ತ ಬರುವುದು ಡಿಸೆಂಬರಿಗೆ. ಅಮೃತೇಶ್ ಬಾಗಿಲವರೆಗೆ ಬಂದು ಕೈಮುಗಿದ. ಐವತ್ತೈದರ ಸೌಮ್ಯ ಮುಖ, ಗರಿಗರಿ ಬಿಳಿ ಅಂಗಿ. ಆಫೀಸಿನ ಗೋಡೆಯ ಮೇಲೆ ಅವನಿಗೆ ಶಾಲು ಹೊದಿಸುತ್ತಿರುವ ಫೋಟೋಗಳು.

"ಟೀಚರ್ ಬೆಳಿಗ್ಗೇನೇ ಫೋನು ಮಾಡಿದ್ರು. ನನ್ನ ಕರುಳು ಕಿತ್ತು ಬಂದ ಹಾಗಾಯ್ತು ಮೇಡಂ. ಬಡವರ ಅನ್ನಕ್ಕೆ ಕೈ ಹಾಕ್ತಾರಲ್ಲ! ಯಾರೋ ಹೆಮ್ಮರಗಾಲದೋನಂತೆ?"

"ನಿಮ್ಮ ಹಿತ್ತಲು ನೋಡಬಹುದಾ?"

"ಹಿತ್ತಲಾ? ಅಲ್ಲೇನಿದೆ, ಬರೀ ಹೊಟ್ಟು."

"ಅದಕ್ಕೇ ಕೇಳಿದ್ದು."

ಹಿತ್ತಲಿನಲ್ಲಿ ಬಾಯ್ಲರಿನ ಪಕ್ಕ ಭತ್ತದ ಹೊಟ್ಟಿನ ರಾಶಿ ಆಳೆತ್ತರ ಇತ್ತು. ರಾಶಿಯ ಒಂದು ಮಗ್ಗುಲು ಹೊಸದಾಗಿ ಸುರಿದಂತೆ ಸಡಿಲವಾಗಿತ್ತು. ಶೆಡ್ಡಿನಲ್ಲಿ ಗೋಣಿಚೀಲಗಳನ್ನು ಒಂದರ ಮೇಲೊಂದು ಮಡಚಿ ಇಟ್ಟಿದ್ದರು. ಹತ್ತಿರದಲ್ಲಿ ಬೀಡಿ ಸೇದುತ್ತಿದ್ದ ಎತ್ತರದ ಆಳು ಪೊಲೀಸರನ್ನು ನೋಡಿ ಬೀಡಿ ಬಿಸಾಡಿದ. ಮಿಲ್ಲಿನ ಹಮಾಲಿ ಕಲ್ಲಯ್ಯ.

ಇಂದ್ರಾಣಿ ಮೇಲಿನ ಚೀಲ ಬಿಡಿಸಿದಳು. ಹೊಲಿಗೆ ಹೊರಗಿತ್ತು, ಚೀಲವನ್ನು ಒಳಹೊರಗು ಮಾಡಿದ್ದರು. ಅವಳು ಕೈ ಒಳಗೆ ಹಾಕಿ ಅದನ್ನು ಸರಿಯಾಗಿ ತಿರುಗಿಸಿದಳು. ನೇರಳೆ ಮುದ್ರೆ ಹೊರಬಂತು: ಕಣಜ.

"ರವಿ, ಎಣಿಸು."

ರವಿಕುಮಾರ್ ಎಣಿಸಿದ. ಇಪ್ಪತ್ತನಾಲ್ಕು.

ಕಲ್ಲಯ್ಯ ಯಜಮಾನನ ಮುಖ ನೋಡಿದ. ಆಮೇಲೆ ನೆಲ ನೋಡಿದ. "ನಂಗೇನೂ ಗೊತ್ತಿಲ್ಲ ಮೇಡಮ್ಮೋರೇ. ಯಜಮಾನ್ರು ಬೀಗದ ಕೈ ಕೊಟ್ರು. ನಮ್ ಮಾಲು, ವಾಪಸ್ ತಕ್ಕಂಬಾ ಅಂದ್ರು. ತಂದೆ."

"ಹಾಗಾದ್ರೆ ಅಕ್ಕಿ ಎಲ್ಲಿ?" ಎಂದ ರವಿಕುಮಾರ್. ಹೊಟ್ಟಿನ ರಾಶಿಯ ಸುತ್ತ ಒಂದು ಸುತ್ತು ಬಂದ.

"ಅಕ್ಕಿ ಇರ್ಲೇ ಇಲ್ಲ," ಎಂದಳು ಇಂದ್ರಾಣಿ. "ಫೆಬ್ರವರಿಯಿಂದಲೂ ಆ ಸಾಲಿನಲ್ಲಿದ್ದದ್ದು ಹೊಟ್ಟು."

ಅವಳು ಅಮೃತೇಶನಿಗೆ ಎದುರಾಗಿ ನಿಂತು, ಪಾಠ ಒಪ್ಪಿಸುವವಳ ಹಾಗೆ ನಿಧಾನವಾಗಿ ಹೇಳಿದಳು.

"ಮೊದಲು ಇಲಿ ಹೇಳ್ತು. ಬಿಲ ಇದ್ದದ್ದು ಹಿಂದಿನ ಗೋಡೇಲಿ. ಮೂಗಿನ ಮುಂದೆ ಇಪ್ಪತ್ತನಾಲ್ಕು ಮೂಟೆ ಅಕ್ಕಿ ಇದ್ದಿದ್ರೆ, ಅದನ್ನ ದಾಟಿ ಬಾಗಿಲ ಹತ್ರದ ಮೂಟೆಗೆ ಯಾಕೆ ಹೋಗ್ತಿತ್ತು? ಆಮೇಲೆ ಹಣ್ಣಿನ ಅಜ್ಜಿ. ಐವತ್ತು ಕೆಜಿ ಮೂಟೇನ ಒಂದ್ಸಲಕ್ಕೆ ಎರಡು ಹೊತ್ತು, ಬೆವರದೆ ನಗೋ ಮನುಷ್ಯ ಈ ತಾಲೂಕಿನಲ್ಲಿಲ್ಲ. ಸಾವಿರದ ಇನ್ನೂರು ಕೆಜಿ ಆ ಆಟೋದಲ್ಲಿ ಒಂದೇ ಸಲ ಹೋಗೋದೂ ಇಲ್ಲ. ಚಪ್ಪಡಿ ಸಂದೀಲಿ ನನ್ನ ಉಗುರಿಗೆ ಸಿಕ್ಕಿದ್ದು ಇದೇ ಹೊಟ್ಟು. ಹೊಟ್ಟು ಕದಿಯೋರು ಯಾರು? ಅದು ಹೊಟ್ಟು ಅಂತ ಜನಕ್ಕೆ ಗೊತ್ತಾಗಬಾರದು ಅನ್ನೋರು. ಬುಧವಾರ ಟೀಚರ್ ನಿಮಗೆ ಫೋನು ಮಾಡಿ, ಮುಂದಿನ ಸಾಲು ಮುಗೀತಾ ಬಂತು, ಹಿಂದಿನದನ್ನ ಬಿಚ್ತೀವಿ ಅಂದ್ರು. ಗುರುವಾರ ಮೂಟೆ ಮಾಯ. ಬೀಗ ನೀವೇ ಉದ್ಘಾಟನೆ ದಿನ ಕೊಟ್ಟಿದ್ದು. ಆ ಥರದ ಬೀಗಕ್ಕೆ ಮೂರು ಕೈ ಬರುತ್ತೆ. ಅಲ್ಲಿರೋದು ಎರಡು."

ಅಮೃತೇಶ್ ಬಾಯ್ಲರಿನ ಕಟ್ಟೆಯ ಮೇಲೆ ಕೂತ. ಬಿಳಿ ಪಂಚೆಗೆ ಮಸಿ ಹತ್ತಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ನಾನು ಕಳ್ಳ ಅಲ್ಲ ಮೇಡಂ. ಮೂರು ವರ್ಷದಿಂದ ಹೀಗೇ ಮಾಡ್ತಿದೀನಿ. ಕೊನೇ ಇಪ್ಪತ್ನಾಲ್ಕು ಮೂಟೆ ಅವರು ಡಿಸೆಂಬರಿನವರೆಗೆ ಮುಟ್ತಾನೇ ಇರ್ಲಿಲ್ಲ. ಅಷ್ಟು ಅಕ್ಕಿನ ಮಿಲ್ಲಲ್ಲೇ ಇಟ್ಕೊಂಡು, ಬೇಸಿಗೇಲಿ ರೇಟು ಇದ್ದಾಗ ಮಾರ್ತೀನಿ. ಹೊಸ ಅಕ್ಕಿ ಆದ ತಕ್ಷಣ ಗೋಡೌನ್ ಸುಣ್ಣಬಣ್ಣದ ನೆಪದಲ್ಲಿ ಹೊಟ್ಟು ತೆಗೆಸಿ ಅಕ್ಕಿ ಇಡಿಸ್ತೀನಿ. ಇವತ್ತಿನವರೆಗೆ ಯಾರಿಗಾದ್ರೂ ಒಂದು ಹಿಡಿ ಕಡಿಮೆ ಆಗಿದ್ಯಾ ಕೇಳಿ." ಅವನು ತಲೆ ಎತ್ತಿದ. ಮುಖದಲ್ಲಿ ನಿಜವಾದ ಅಚ್ಚರಿಯಿತ್ತು. "ಒಂದೇ ವರ್ಷದಲ್ಲಿ ಇಷ್ಟೊಂದು ಜನ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ಗೊತ್ತಾದ ಮೇಲೆ ಅಕ್ಕಿ ಕೊಂಡು ತಂದಿಡಬಹುದಿತ್ತು."

"ಒಂದೇ ದಿನದಲ್ಲಿ? ಟೀಚರ್ ಕಣ್ಣಿಗೆ ಬೀಳದ ಹಾಗೆ? ಕಳ್ಳತನ ಅಂತ ಆದ್ರೆ... ಯಾರೂ ಸಿಗೋದಿಲ್ಲ, ಹಾಗೇ ಮುಚ್ಚಿಹೋಗುತ್ತೆ ಅಂದ್ಕೊಂಡೆ."

"ಯಾರೋ ಒಬ್ಬ ಸಿಗ್ತಾನೆ ಅಂತಲೂ ಅಂದ್ಕೊಂಡಿದ್ರಿ. ಹೆಮ್ಮರಗಾಲದೋನು ಅಂತ ನೀವೇ ಕೇಳಿದ್ರಿ. ಚೀಲ ಯಾಕೆ ಸುಡಲಿಲ್ಲ?"

ಅಮೃತೇಶ್ ಮಡಚಿದ ಚೀಲಗಳ ಕಡೆ ನೋಡಿದ. "ಒಳ್ಳೇ ಚೀಲ, ಮೇಡಂ," ಎಂದ. ಅಷ್ಟೇ.

* * *

ಸಂಜೆ ಅಮೃತೇಶನ ಮೇಲೆ ಕೇಸು ಬರೆದು, ನಟರಾಜನನ್ನು ಬಿಟ್ಟರು. ಅವನು ಬೆಂಚಿನ ಮೇಲೆ ಕಾಯುತ್ತಿದ್ದ ಚಲುವಯ್ಯನನ್ನು ದಾಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.

ಸುದ್ದಿ ತಿ. ನರಸೀಪುರದ ಕಾಲುವೆ ಬಯಲಿನ ಊರುಗಳಿಗೆ ಅದಕ್ಕಿಂತ ಬೇಗ ಹೋಗಿತ್ತು. ಭತ್ತ ಕೊಟ್ಟವರು ಅವರೇ ತಾನೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ಟ್ರ್ಯಾಕ್ಟರು ಓಣಿಯೊಳಗೆ ತಿರುಗಲಾರದೆ ಬಜಾರಿನಲ್ಲೇ ನಿಂತಿತು. ಮೇಲಿದ್ದ ಚಿಕ್ಕಬಸಪ್ಪ ಎಂಬ ರೈತ ಕೆಳಗಿಳಿಯುತ್ತಲೇ ಬೈಯಲು ಶುರು ಮಾಡಿದ. "ಇವನ ಮನೆ ಆಳಾಗ! ನಂ ಭತ್ತ ಮಾರ್ಕೊಂಡು ನಮ್ ಕೈಲೇ ಆರ ಆಕಿಸ್ಕೊಂಡ್ನಲ್ಲ!" ಟ್ರ್ಯಾಕ್ಟರಿನಲ್ಲಿ ಏಳು ಮೂಟೆಗಳಿದ್ದವು. ಮನೆಮನೆಯ ಮಣ್ಣಿನ ವಾಡೆಯಿಂದ ತೆಗೆದ ಅಕ್ಕಿ. ಒಂದು ಸಣ್ಣ, ಒಂದು ದಪ್ಪ, ಒಂದು ಕೆಂಪು. ಹದಿನಾರು ಗ್ರಾಮದಿಂದ ಚಲುವಯ್ಯನ ಮಗಳು ಮತ್ತು ಅವಳ ಸಂಘದ ಹೆಂಗಸರು ರಾಗಿ ತಂದಿದ್ದರು.

ಆದರೂ ಸಾಲದು. ಶ್ವೇತ ಸ್ಟೂಲಿನ ಮೇಲೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಈ ಸಲ ಮನೆಗೆ ನಾಲ್ಕೇ ಕೆಜಿ, ಜೊತೆಗೆ ಒಂದು ಕೆಜಿ ರಾಗಿ ಎಂದಳು. ಸಾಲಿನಲ್ಲಿ ಗೊಣಗು ಎದ್ದಿತು. ಒಬ್ಬ ಸಿಡಿದು ಜಗಳಕ್ಕೇ ನಿಂತ. ಜವರಮ್ಮ ಮರದ ಕೆಳಗಿಂದಲೇ ಅವನನ್ನು ಗದರಿದಳು. ಸಾಲು ಮುಂದಕ್ಕೆ ಸರಿಯಿತು.

"ಇನ್ನೊಂದು ಮಾತು," ಎಂದಳು ಶ್ವೇತ. "ಇವತ್ತಿಂದ ಕಾರ್ಡು ಕೇಳೋದಿಲ್ಲ. ಬರೋ ಮೂಟೇನ ಒಂದೊಂದಾಗಿ ಬಿಚ್ಚಿ ನೋಡ್ತೀವಿ. ಜನರನ್ನಲ್ಲ."

ಹನ್ನೊಂದರ ಹೊತ್ತಿಗೆ ನಟರಾಜ್ ಬಂದ. ಬರುತ್ತಾನೆಂದು ಇಂದ್ರಾಣಿ ಎಣಿಸಿರಲಿಲ್ಲ. ಚಲುವಯ್ಯನೇ ಫೋನು ಮಾಡಿ ಕರೆಸಿದ್ದ. ಅವನು ಸಾಲಿನ ಕೊನೆಯಲ್ಲಿ ನಿಂತು, ಸರದಿ ಬಂದಾಗ ಚೀಲ ಒಡ್ಡಿ, ಅಕ್ಕಿ ಹಾಕಿಸಿಕೊಂಡ. ಇಂದ್ರಾಣಿ ಅವನ ಹಿಂದೆ ಹೊರಗೆ ಬಂದಳು.

"ನಟರಾಜ್, ತಪ್ಪಾಯ್ತು."

"ನೀವು ಕೇಳ್ಬೇಕಾದ್ದು ಕೇಳುದ್ರಿ ಮೇಡಂ. ಅದಕ್ಕಲ್ಲ." ಅವನು ಚೀಲದ ಬಾಯಿಯನ್ನು ಬಿಗಿಯಾಗಿ ತಿರುಚಿದ. "ನಮ್ ಮನೆ ಅಕ್ಕಿ ಬೀದೀಲಿಟ್ಟು ತೂಗುಸ್ಬಾರ್ದಿತ್ತು. ಚಿಕ್ಕೋಳು ಕೇಳ್ತಾಳೆ, ಎಲ್ರ ಮನೇದೂ ತೂಗ್ತಾರಾ ಅಂತ."

ಇಂದ್ರಾಣಿ ಓಣಿಯ ತುದಿಗೆ ಕೈ ತೋರಿದಳು. "ಜೀಪಿದೆ. ಊರಿಗೆ ಬಿಡ್ತೀನಿ," ಎಂದಳು.

"ಜೀಪು ಬ್ಯಾಡ ಮೇಡಂ. ಮತ್ತೆ ಬೀದಿ ಜನ ಎಲ್ಲಾ ಒರಗೆ ಬತ್ತಾರೆ. ಬಸ್ಸಲ್ಲೇ ಓಯ್ತೀನಿ."

ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಬಸ್ಸು ಬಂದಾಗ ಬಾಗಿಲಲ್ಲಿ ನೂಕುನುಗ್ಗಲು. ನಟರಾಜ್ ಚೀಲ ಹಿಡಿದು ಹತ್ತಲಾರದೆ ಹಿಂದಕ್ಕೆ ಬಂದ. ಇಂದ್ರಾಣಿ ಕೈ ಚಾಚಿದಳು. ಅವನು ಒಂದು ಗಳಿಗೆ ಯೋಚಿಸಿ ಚೀಲವನ್ನು ಅವಳ ಕೈಗೆ ಕೊಟ್ಟು ಒಳನುಗ್ಗಿದ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಯೂನಿಫಾರ್ಮಿನ ಹೆಗಲಿಗೆ ಅಕ್ಕಿಯ ಧೂಳು ಹತ್ತಿಸಿಕೊಂಡು ಅವಳು ಚೀಲವನ್ನು ಎತ್ತಿ ಕಿಟಕಿಯಿಂದ ಅವನ ಮಡಿಲಿಗೆ ಇಳಿಸಿದಳು.

"ಸಿಕ್ತಾ?"

"ಸಿಕ್ತು ಕಣ್ರೀ," ಎಂದ ನಟರಾಜ್.

ಕಂಡಕ್ಟರು ಸೀಟಿ ಊದಿದ.